ಅರಮನೆಯೊಳಗಿನ ಬೀಸುಕಲ್ಲು

ಮೈಸೂರಿನ ಸರಸ್ವತಿಪುರಂನವರಿಗೆ ಕುಕ್ಕರಹಳ್ಳಿ ಕೆರೆ ಬೆಳಗಿನ ನಡಿಗೆಯ ಜಾಗ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ಆಚೆಗೆ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಅಲ್ಲಿನ ದಿಬ್ಬದ ಮೇಲೆ ಜಯಲಕ್ಷ್ಮೀವಿಲಾಸ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಎದ್ದ ಅರಮನೆ ಇದು. ಅವರ ಪತಿ ಎಂ. ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು. ಕುವೆಂಪು ಕುಲಪತಿಗಳಾಗಿದ್ದಾಗ ಅರಮನೆ ವಿಶ್ವವಿದ್ಯಾನಿಲಯದ ಕೈಸೇರಿತು. 1960ರ ದಶಕದ ಕೊನೆಗೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತು.

ಅದರ ಹಿಂದೆ ಇದ್ದವರು ವಿದ್ವಾಂಸರಾದ ದೇಜಗೌ, ಜೀಶಂಪ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಹಳ್ಳಿಹಳ್ಳಿಗಳಿಂದ ಅವರು ತರಿಸಿದ್ದು ಯಕ್ಷಗಾನದ ಕಿರೀಟ, ತೊಗಲುಗೊಂಬೆಗಳನ್ನಷ್ಟೇ ಅಲ್ಲ. ನೊಗ, ಕೂರಿಗೆ, ಒನಕೆ, ಸೇರು, ಬಳ್ಳ, ಬೀಸುಕಲ್ಲುಗಳೂ ಬಂದವು. ಬಳಸಿದ ಬೀಸುಕಲ್ಲನ್ನು ಹತ್ತಿರದಿಂದ ನೋಡಬೇಕು. ಕಾಳು ಹಾಕುವ ಬಾಯಿಯ ಅಂಚು ಸವೆದು ದುಂಡಗಾಗಿರುತ್ತದೆ, ಮರದ ಗೂಟ ಅಂಗೈ ತಾಗಿ ತಾಗಿ ಎಣ್ಣೆ ಹಚ್ಚಿದಂತೆ ಮಿರುಗುತ್ತದೆ. ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುತ್ತಿದ್ದ ಹೆಂಗಸರ ದುಡಿಮೆಗೆ ಇಷ್ಟು ನೇರವಾದ ದಾಖಲೆ ಬೇರೊಂದಿಲ್ಲ. ಅರಮನೆಯೊಂದು ಆ ಕಲ್ಲಿಗೆ ಜಾಗ ಕೊಟ್ಟದ್ದು ದೊಡ್ಡ ಕೆಲಸವೇ ಸರಿ.

ಆದರೆ ಕಲ್ಲು ಬಂತು, ಕಲ್ಲು ಕೂತಿದ್ದ ಮನೆ ಬರಲಿಲ್ಲ. ಒಲೆ ಎಷ್ಟು ದೂರದಲ್ಲಿತ್ತು, ದನ ಎಲ್ಲಿ ಕಟ್ಟುತ್ತಿದ್ದರು, ಬಾಣಂತಿ ಯಾವ ಮೂಲೆಯಲ್ಲಿ ಮಲಗುತ್ತಿದ್ದಳು ಎಂಬುದನ್ನೆಲ್ಲ ಹೇಳಬಲ್ಲದ್ದು ಮನೆ ಮಾತ್ರ.

ಕರ್ನಾಟಕದ ದುಡಿಮೆಗಾರರ ಅಂಥದೊಂದು ಮನೆ ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ನೋಡಸಿಗುತ್ತದೆ. ಡೆಬೊರಾ ತ್ಯಾಗರಾಜನ್ ಕಟ್ಟಿ ಬೆಳೆಸಿದ, 1996ರಲ್ಲಿ ಬಾಗಿಲು ತೆರೆದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯ ಅಲ್ಲಿದೆ. ಕೆಡವಲು ಹೊರಟ ಹಳೆಯ ಮನೆಗಳನ್ನು ಕೊಂಡು, ಬಿಚ್ಚಿ ಸಾಗಿಸಿ, ಸಾಂಪ್ರದಾಯಿಕ ಕುಶಲಕರ್ಮಿಗಳ ಕೈಯಲ್ಲಿ ಮತ್ತೆ ನಿಲ್ಲಿಸುವುದು ಅವರ ಕ್ರಮ. ಕರ್ನಾಟಕದ ಭಾಗದಲ್ಲಿ ಚಿಕ್ಕಮಗಳೂರಿನ ಮುಸ್ಲಿಂ ಮನೆಯ ಜೊತೆಗೆ ಬಾಗಲಕೋಟೆ ಸೀಮೆಯ ಇಳಕಲ್ ನೇಕಾರರ ಮನೆ ನಿಂತಿದೆ.

ನೇಕಾರರ ಮನೆಯಲ್ಲಿ ವಾಸಕ್ಕೂ ಕಸುಬಿಗೂ ಒಂದೇ ಸೂರು. ಕುಣಿಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಗೆ ಇಳಿಬಿಡುತ್ತಾನೆ; ನೆಲದ ತಂಪಿಗೆ ನೂಲು ಬೇಗ ಹರಿಯುವುದಿಲ್ಲ. ಇಳಕಲ್ ಸೀರೆಯ ಗುಟ್ಟು ಇರುವುದು ಕೊಂಡಿಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸಬೇಕು. ಹೀಗಾಗಿ ಒಂದೊಂದು ಸೀರೆಗೂ ಹಾಸು ಹೊಸದಾಗಿಯೇ ಸಿದ್ಧವಾಗಬೇಕು. ಈ ಕೆಲಸಕ್ಕೆ ಮನೆಮಂದಿಯೆಲ್ಲ ಕೈಜೋಡಿಸುತ್ತಾರೆ. ಲಾಳಿ ಓಡಿಸಿದವನಿಗೆ ಪ್ರಶಸ್ತಿ ಬಂದೀತು, ಕಂಡಿಕೆ ಸುತ್ತಿದವಳ ಹೆಸರು ಎಲ್ಲೂ ಬರೆದಿರುವುದಿಲ್ಲ. ಅವಳು ಕೂತ ಜಾಗವನ್ನು ಮನೆಯಾದರೂ ತೋರಿಸುತ್ತದೆ. ಅದಕ್ಕಾಗಿ ದಕ್ಷಿಣಚಿತ್ರಕ್ಕೆ ನಾವು ಋಣಿಗಳು. ಆ ಮನೆ ನಮ್ಮ ನೆಲದಲ್ಲೇ ಉಳಿಯಬೇಕಿತ್ತು ಎಂಬ ಸಂಕಟವೂ ಅಷ್ಟೇ ನಿಜ.

ಸ್ಥಳದಲ್ಲೇ ಉಳಿಸಿಕೊಂಡವರೂ ಇದ್ದಾರೆ. ನ್ಯೂಯಾರ್ಕಿನ 97, ಆರ್ಚರ್ಡ್ ಸ್ಟ್ರೀಟ್ 1863ರಲ್ಲಿ ಕಟ್ಟಿದ ಬಾಡಿಗೆ ವಠಾರ. ವಲಸೆ ಬಂದ ದರ್ಜಿಗಳು, ಕೂಲಿಗಳು ಸಣ್ಣ ಸಣ್ಣ ಕೋಣೆಗಳಲ್ಲಿ ಸಂಸಾರ ಮಾಡಿದ ಜಾಗ. 1935ರಲ್ಲಿ ಸುರಕ್ಷತೆಯ ಹೊಸ ನಿಯಮಗಳಿಗೆ ತಕ್ಕಂತೆ ದುರಸ್ತಿ ಮಾಡಿಸುವ ಬದಲು ಮಾಲೀಕ ಬಾಡಿಗೆದಾರರನ್ನೇ ಖಾಲಿ ಮಾಡಿಸಿದ. ಕೆಳಗಿನ ಅಂಗಡಿಗಳು ನಡೆದವು, ಮೇಲಿನ ಮಹಡಿಗಳು ಬೀಗ ಹಾಕಿದಂತೆಯೇ ಉಳಿದವು. ರೂತ್ ಏಬ್ರಮ್ ಮತ್ತು ಅನಿತಾ ಜೇಕಬ್ಸನ್ 1988ರಲ್ಲಿ ಅದನ್ನು ಕಂಡುಕೊಂಡು ಮ್ಯೂಸಿಯಂ ಮಾಡಿದರು. ಗೋಡೆಯ ಕಾಗದದ ಪದರಗಳನ್ನು ಅವರು ಕಿತ್ತೆಸೆಯಲಿಲ್ಲ, ಓದಿದರು.

ಮೈಸೂರಿಗೆ ಇದು ಅಸಾಧ್ಯವೇನಲ್ಲ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಊರು ಎದ್ದು ನಿಂತಿತು. 2016ರಲ್ಲಿ ಅದು ಮ್ಯೂಸಿಯಂ ಆಯಿತು. ಲೇಖಕರ ಮನೆಗೆ ಸಿಕ್ಕ ಆ ಕಾಳಜಿ ಸರಸ್ವತಿಪುರಂ ಪಕ್ಕದ ರೈಲುಹಳಿ ಹಿಡಿದು ಚಾಮರಾಜಪುರಂ ದಾಟಿ ಅಶೋಕಪುರಂ ತನಕವೂ ಹೋಗಬೇಕು. ಅಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಈ ಊರಿನದೇ. ಕೃಷ್ಣರಾಜೇಂದ್ರ ಮಿಲ್ಲಿನ ಪಾಳಿಗೆ ಎದ್ದು ಹೋಗುತ್ತಿದ್ದವರೂ ಇಲ್ಲಿಯವರೇ. ಈ ದುಡಿಮೆಗಾರರೆಲ್ಲ ಬಾಳಿದ ಸಾಲುಮನೆ, ವಠಾರಗಳು ಯಾವ ದಸರಾ ಕೈಪಿಡಿಯಲ್ಲೂ ಇಲ್ಲ; ನಿವೇಶನದ ಬೆಲೆಗೆ ಒಂದೊಂದಾಗಿ ನೆಲ ಕಚ್ಚುತ್ತಿವೆ.

ಒಂದೇ ಒಂದು ಮನೆ ಸಾಕು. ನಗರಪಾಲಿಕೆಯೋ ವಿಶ್ವವಿದ್ಯಾನಿಲಯವೋ ಅದನ್ನು ಕೊಳ್ಳಲಿ. ಸುಣ್ಣ ಬಳಿಸಿದರೂ ಅಡುಗೆಮನೆಯ ಮಸಿಯನ್ನು ಹಾಗೆಯೇ ಬಿಡಲಿ. ಸಂಬಳದ ಚೀಟಿ, ರೇಷನ್ ಕಾರ್ಡು, ಊಟದ ಕ್ಯಾರಿಯರ್, ನಲ್ಲಿಯ ಮುಂದೆ ಸಾಲಿಟ್ಟ ಕೊಡಗಳು ಅಲ್ಲಿಗೆ ಬರಲಿ. ಬಾಡಿಗೆಗಿದ್ದವರಲ್ಲಿ ಈಗಲೂ ಬದುಕಿರುವ ಅಜ್ಜಿಯರನ್ನು ಕೂರಿಸಿ ಅವರ ಮಾತನ್ನು ಧ್ವನಿಮುದ್ರಿಸುವ ಕೆಲಸ ಮಾತ್ರ ಮನೆ ಸಿಗುವ ತನಕ ಕಾಯುವಂತಿಲ್ಲ. ಅದನ್ನು ಇದೇ ವರ್ಷ ಶುರುಮಾಡಬೇಕು.