ಪೈ ಸ್ಥಿರಾಂಕದ ಇತಿಹಾಸ

ಪೈ ಎಂಬುದು ವೃತ್ತದ ಪರಿಧಿಗೂ ಅದರ ವ್ಯಾಸಕ್ಕೂ ಇರುವ ಅನುಪಾತವನ್ನು ಸೂಚಿಸುವ ಗಣಿತೀಯ ಸ್ಥಿರಾಂಕ. ಇದರ ಬೆಲೆ ಸುಮಾರು 3.14159. ವೃತ್ತವು ಬಳೆಯಷ್ಟು ಚಿಕ್ಕದಿರಲಿ, ಕೆರೆಯಷ್ಟು ದೊಡ್ಡದಿರಲಿ, ಈ ಅನುಪಾತ ಬದಲಾಗುವುದಿಲ್ಲ. ಗ್ರೀಕ್ ವರ್ಣಮಾಲೆಯ 16ನೆಯ ಅಕ್ಷರವನ್ನು ಇದರ ಚಿಹ್ನೆಯಾಗಿ ಬಳಸುವ ರೂಢಿ ಸುಮಾರು 300 ವರ್ಷಗಳಷ್ಟು ಈಚಿನದು. ಅನುಪಾತದ ಅರಿವಿಗಾದರೋ ಸುಮಾರು 4000 ವರ್ಷಗಳ ಇತಿಹಾಸವಿದೆ. ಶಾಲಾ ಲೆಕ್ಕಗಳಲ್ಲಿ ಬಳಸುವ 22/7 ಪೈಯ ನಿಖರ ಬೆಲೆಯಲ್ಲ. ಅದು ಪೈಗಿಂತ ತುಸು ಹೆಚ್ಚಾದ, ಲೆಕ್ಕಕ್ಕೆ ಅನುಕೂಲವಾದ ಒಂದು ಭಿನ್ನರಾಶಿ ಮಾತ್ರ.

ಪ್ರಾಚೀನ ಕಾಲ

ಬ್ಯಾಬಿಲೋನಿಯದವರು ಸಾಮಾನ್ಯ ವ್ಯವಹಾರದಲ್ಲಿ ಪೈಯ ಬೆಲೆಯನ್ನು 3 ಎಂದೇ ಇಟ್ಟುಕೊಂಡಿದ್ದರು. ಸೂಸಾದಲ್ಲಿ ದೊರೆತ ಒಂದು ಮಣ್ಣಿನ ಫಲಕದಿಂದ ಅವರಿಗೆ 3.125 ಎಂಬ ಉತ್ತಮ ಬೆಲೆಯೂ ತಿಳಿದಿತ್ತೆಂದು ಗೊತ್ತಾಗುತ್ತದೆ. ಈಜಿಪ್ಟಿನಲ್ಲಿ ಕ್ರಿ.ಪೂ. 1650ರ ಸುಮಾರಿಗೆ ಅಹ್ಮೋಸ್ ಎಂಬ ಲಿಪಿಕಾರನು ನಕಲು ಮಾಡಿದ ರಿಂಡ್ ಪ್ಯಾಪಿರಸ್‌ನಲ್ಲಿ ವೃತ್ತದ ಕ್ಷೇತ್ರಫಲವನ್ನು ಕಂಡುಹಿಡಿಯಲು ವ್ಯಾಸದಿಂದ ಅದರ ಒಂಬತ್ತನೆಯ ಒಂದು ಭಾಗವನ್ನು ಕಳೆದು, ಉಳಿದುದನ್ನು ವರ್ಗ ಮಾಡುವಂತೆ ಹೇಳಿದೆ. ಇದರಿಂದ ಪೈಗೆ 256/81, ಅಂದರೆ ಸುಮಾರು 3.1605 ಎಂಬ ಬೆಲೆ ಬರುತ್ತದೆ.

ಇವೆಲ್ಲವೂ ಅನುಭವದಿಂದ ಬಂದ ಬೆಲೆಗಳು. ಬೇಕಾದಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಬಹುದಾದ, ದೋಷದ ಮಿತಿಯನ್ನೂ ತಿಳಿಸುವ ವಿಧಾನವನ್ನು ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ನೀಡಿದನು. ವೃತ್ತದ ಒಳಗೂ ಹೊರಗೂ ಸಮಬಹುಭುಜಗಳನ್ನು ರಚಿಸಿದರೆ, ವೃತ್ತದ ಪರಿಧಿಯು ಅವೆರಡರ ಸುತ್ತಳತೆಗಳ ನಡುವೆ ಇರಲೇಬೇಕು. ಆರು ಬಾಹುಗಳಿಂದ ಆರಂಭಿಸಿ 12, 24, 48 ಎಂದು ದ್ವಿಗುಣಗೊಳಿಸುತ್ತ 96 ಬಾಹುಗಳ ಆಕೃತಿಯವರೆಗೆ ಹೋದ ಆತನು, ಪೈ 223/71ಕ್ಕಿಂತ ಹೆಚ್ಚು ಮತ್ತು 22/7ಕ್ಕಿಂತ ಕಡಿಮೆ ಎಂದು ಸಾಧಿಸಿದನು. ದಶಮಾಂಶ ಪದ್ಧತಿಯೂ ಶೂನ್ಯದ ಚಿಹ್ನೆಯೂ ಕೈಯಲ್ಲಿಲ್ಲದೆ ಮಾಡಿದ ಗಣನೆ ಇದೆಂಬುದನ್ನು ಗಮನಿಸಬೇಕು.

ಚೀನಾದಲ್ಲಿ 3ನೆಯ ಶತಮಾನದ ಲಿಯು ಹುಯಿ ಇಂಥದೇ ಮಾರ್ಗದಿಂದ 3.1416 ಎಂಬ ಬೆಲೆಯನ್ನು ಪಡೆದನು. 5ನೆಯ ಶತಮಾನದ ತ್ಸು ಚುಂಗ್‌ಚಿ 355/113 ಎಂಬ ಭಿನ್ನರಾಶಿಯನ್ನು ಕೊಟ್ಟನು. ಇದು ದಶಮಾಂಶದ 6 ಸ್ಥಾನಗಳವರೆಗೆ ಸರಿಯಾಗಿದೆ.

ಭಾರತದಲ್ಲಿ

ಆರ್ಯಭಟನು ಕ್ರಿ.ಶ. 499ರ ತನ್ನ ‘ಆರ್ಯಭಟೀಯ’ದಲ್ಲಿ 20,000 ವ್ಯಾಸವುಳ್ಳ ವೃತ್ತದ ಪರಿಧಿ 62,832 ಎಂದು ಹೇಳಿದ್ದಾನೆ. ಇದರಿಂದ ಪೈಯ ಬೆಲೆ 3.1416 ಆಗುತ್ತದೆ. ಈ ಬೆಲೆಯನ್ನು ಅವನು ‘ಆಸನ್ನ’, ಅಂದರೆ ಸಮೀಪದ್ದು, ಎಂದು ಕರೆದಿರುವುದು ಮಹತ್ತ್ವದ ಸಂಗತಿ. ಸುಮಾರು ಸಾವಿರ ವರ್ಷಗಳ ಅನಂತರ ಕೇರಳದ ನೀಲಕಂಠ ಸೋಮಯಾಜಿಯು ತನ್ನ ಭಾಷ್ಯದಲ್ಲಿ ಈ ಪದವನ್ನು ವಿವರಿಸುತ್ತ, ಯಾವ ಮಾನದಿಂದ ಅಳೆದರೆ ವ್ಯಾಸವು ಶೇಷವಿಲ್ಲದೆ ಮುಗಿಯುವುದೋ ಅದೇ ಮಾನದಿಂದ ಪರಿಧಿಯನ್ನು ಅಳೆದಾಗ ಶೇಷ ಉಳಿಯುತ್ತದೆ. ಶೇಷವನ್ನು ಕಿರಿದಾಗಿಸಬಹುದೇ ಹೊರತು ಇಲ್ಲವಾಗಿಸಲಾಗದು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಪೈ ಅಭಾಗಲಬ್ಧ ಸಂಖ್ಯೆ ಎಂಬುದರ ಹೇಳಿಕೆ ಇದು. ಸಾಧನೆಯನ್ನು ಅವನು ಕೊಟ್ಟಿಲ್ಲ.

ಆರ್ಯಭಟನ ಬೆಲೆ ಲಭ್ಯವಿದ್ದರೂ ಅನೇಕ ಗ್ರಂಥಕಾರರು ಸ್ಥೂಲ ಗಣನೆಗೆ 3 ಮತ್ತು ಸೂಕ್ಷ್ಮ ಗಣನೆಗೆ 10ರ ವರ್ಗಮೂಲವನ್ನೇ (ಸುಮಾರು 3.1623) ಬಳಸುತ್ತ ಬಂದರು. ಜೈನ ಗಣಿತದಲ್ಲಿ ಈ ಎರಡನೆಯ ಬೆಲೆ ಬಹಳ ಹಿಂದಿನಿಂದಲೂ ರೂಢಿಯಲ್ಲಿತ್ತು. ಬ್ರಹ್ಮಗುಪ್ತನೂ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನೂ ಇದೇ ಪದ್ಧತಿಯನ್ನು ಅನುಸರಿಸಿದರು. 12ನೆಯ ಶತಮಾನದ ಭಾಸ್ಕರಾಚಾರ್ಯನು ‘ಲೀಲಾವತಿ’ಯಲ್ಲಿ ಸೂಕ್ಷ್ಮಕ್ಕೆ 3927/1250 ಮತ್ತು ವ್ಯವಹಾರಕ್ಕೆ 22/7 ಎಂದು ಹೇಳಿದ್ದಾನೆ. ಮೊದಲನೆಯದು ಆರ್ಯಭಟನ ಬೆಲೆಯ ಸಂಕ್ಷಿಪ್ತ ರೂಪವೇ ಆಗಿದೆ.

ಮಾಧವ ಮತ್ತು ಅನಂತ ಶ್ರೇಣಿಗಳು

ಬಹುಭುಜದ ಮಾರ್ಗವನ್ನು ಬಿಟ್ಟು ಅನಂತ ಶ್ರೇಣಿಯಿಂದ ಪೈಯನ್ನು ಪಡೆದವರಲ್ಲಿ, ತಿಳಿದಿರುವ ಮಟ್ಟಿಗೆ, ಮೊದಲಿಗನು ಕೇರಳದ ಸಂಗಮಗ್ರಾಮದ ಮಾಧವ (ಸು. 1340–1425). ಈ ವಿಷಯದ ಮೇಲೆ ಅವನೇ ಬರೆದ ಗ್ರಂಥ ಉಳಿದಿಲ್ಲ. ಶಿಷ್ಯಪರಂಪರೆಯವರ ಕೃತಿಗಳಿಂದ, ಮುಖ್ಯವಾಗಿ ಜ್ಯೇಷ್ಠದೇವನು 16ನೆಯ ಶತಮಾನದಲ್ಲಿ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ದಿಂದ, ಅವನ ಸಾಧನೆ ತಿಳಿದುಬರುತ್ತದೆ. ಸೂತ್ರಗಳನ್ನಷ್ಟೇ ಹೇಳಿ ಮುಗಿಸದೆ ಅವುಗಳ ಉಪಪತ್ತಿಯನ್ನೂ ವಿವರಿಸಿರುವುದು ಈ ಗ್ರಂಥದ ವೈಶಿಷ್ಟ್ಯ.

ಮಾಧವನ ಶ್ರೇಣಿಯ ಪ್ರಕಾರ 1ರಿಂದ 1/3ನ್ನು ಕಳೆದು, 1/5ನ್ನು ಕೂಡಿ, 1/7ನ್ನು ಕಳೆದು, ಹೀಗೆಯೇ ಬೆಸ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಒಂದಾದ ಮೇಲೊಂದರಂತೆ ಕೂಡಿ ಕಳೆಯುತ್ತ ಹೋದರೆ ಮೊತ್ತವು ಪೈಯ ನಾಲ್ಕನೆಯ ಒಂದು ಭಾಗವನ್ನು ಸಮೀಪಿಸುತ್ತದೆ. ಶ್ರೇಣಿ ನೋಡಲು ಸರಳವಾದರೂ ಬಹು ನಿಧಾನವಾಗಿ ಸಾಗುವಂಥದು: ಮೊದಲ 100 ಪದಗಳನ್ನು ಕೂಡಿದರೂ ಪೈಗೆ ಸಿಗುವ ಬೆಲೆ 3.1316 ಮಾತ್ರ. ಈ ತೊಡಕನ್ನು ಕೇರಳದ ಗಣಿತಜ್ಞರು ಶ್ರೇಣಿಯನ್ನು ನಿಲ್ಲಿಸಿದ ಸ್ಥಳದಲ್ಲಿ ಒಂದು ತಿದ್ದುಪಡಿ ಪದವನ್ನು ಸೇರಿಸುವುದರಿಂದ ನಿವಾರಿಸಿದರು. ಮೊದಲ 10 ಪದಗಳಿಂದ ಬರುವ ಬೆಲೆ 3.0418. ಅಲ್ಲಿಯೇ ನಿಲ್ಲಿಸಿ, ಅವರು ಕೊಟ್ಟ ಅತಿ ಸೂಕ್ಷ್ಮ ತಿದ್ದುಪಡಿಯಂತೆ 101/4050ನ್ನು ಶ್ರೇಣಿಯ ಮೊತ್ತಕ್ಕೆ ಕೂಡಿ 4ರಿಂದ ಗುಣಿಸಿದರೆ 3.1415927 ದೊರೆಯುತ್ತದೆ. ಹತ್ತೇ ಪದಗಳಿಂದ 7 ದಶಮಾಂಶ ಸ್ಥಾನಗಳ ನಿಖರತೆ!

ಮಾಧವನದೆಂದು ಹೇಳಲಾದ ಬೆಲೆಯು ಭೂತಸಂಖ್ಯಾ ಪದ್ಧತಿಯ ಶ್ಲೋಕವೊಂದರಲ್ಲಿ ಅಡಗಿದೆ. ಈ ಪದ್ಧತಿಯಲ್ಲಿ ನೇತ್ರವೆಂದರೆ 2, ಅಗ್ನಿಯೆಂದರೆ 3, ವೇದವೆಂದರೆ 4, ಗಜವೆಂದರೆ 8; ಅಂಕಿಗಳನ್ನು ಬಲದಿಂದ ಎಡಕ್ಕೆ ಇಡಬೇಕು. ಹಾಗೆ ಬಿಡಿಸಿದಾಗ 9,00,00,00,00,000 ವ್ಯಾಸಕ್ಕೆ 28,27,43,33,88,233 ಪರಿಧಿ ಎಂದು ತಿಳಿಯುತ್ತದೆ. ಭಾಗಿಸಿದರೆ 3.14159265359 ಬರುತ್ತದೆ, ಇದು 11 ಸ್ಥಾನಗಳವರೆಗೆ ಸರಿ.

ಇದೇ ಶ್ರೇಣಿಯನ್ನು ಯೂರೋಪಿನಲ್ಲಿ 1670ರ ದಶಕದಲ್ಲಿ ಜೇಮ್ಸ್ ಗ್ರೆಗೊರಿ ಮತ್ತು ಲೈಬ್‌ನಿಟ್ಸ್ ಸ್ವತಂತ್ರವಾಗಿ ಕಂಡುಕೊಂಡರು. ಪಠ್ಯಪುಸ್ತಕಗಳಲ್ಲಿ ಬಹುಕಾಲ ಅವರ ಹೆಸರು ಮಾತ್ರ ಉಳಿಯಿತು. ಮಲಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಚಾರ್ಲ್ಸ್ ವಿಶ್ 1830ರ ದಶಕದಲ್ಲಿಯೇ ಕೇರಳದ ಗ್ರಂಥಗಳ ಕುರಿತು ಲೇಖನ ಪ್ರಕಟಿಸಿದ್ದರೂ ಅದಕ್ಕೆ ತಕ್ಕ ಗಮನ ದೊರೆಯಲಿಲ್ಲ. 1940ರ ದಶಕದಲ್ಲಿ ಮುಕುಂದ ಮಾರಾರ್ ಮತ್ತು ಸಿ. ಟಿ. ರಾಜಗೋಪಾಲ್ ಮೊದಲಾದವರ ಅಧ್ಯಯನಗಳಿಂದ ವಿಷಯವು ಮತ್ತೆ ಬೆಳಕಿಗೆ ಬಂದಿತು. ಈ ಜ್ಞಾನವು ಪಾದ್ರಿಗಳ ಮೂಲಕ ಯೂರೋಪನ್ನು ತಲುಪಿರಬಹುದೆಂಬ ಊಹೆಯಿದೆಯಾದರೂ ಅದನ್ನು ಸಮರ್ಥಿಸುವ ದಾಖಲೆ ದೊರೆತಿಲ್ಲ. ಇಂದು ಅನೇಕ ಕೃತಿಗಳು ಇದನ್ನು ಮಾಧವ–ಲೈಬ್‌ನಿಟ್ಸ್ ಶ್ರೇಣಿ ಎಂದು ಕರೆಯುತ್ತವೆ.

ಅಂಕಿಗಳ ಬೆನ್ನು ಹತ್ತಿದವರು

ಬಹುಭುಜದ ಮಾರ್ಗವನ್ನು ಅದರ ಕೊನೆಯವರೆಗೆ ಕೊಂಡೊಯ್ದವನು ಲುಡಾಲ್ಫ್ ವಾನ್ ಕ್ಯೂಲೆನ್. ಜೀವಿತದ ಬಹುಭಾಗವನ್ನು ಇದಕ್ಕೆಂದೇ ಸವೆಸಿ ಅವನು ಪಡೆದ 35 ದಶಮಾಂಶ ಸ್ಥಾನಗಳನ್ನು ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿದ್ದ ಅವನ ಸಮಾಧಿಯ ಮೇಲೆ ಕೆತ್ತಲಾಗಿತ್ತು. 1706ರಲ್ಲಿ ಜಾನ್ ಮೆಶಿನ್ ಹೊಸ ಸೂತ್ರವೊಂದರ ನೆರವಿನಿಂದ 100 ಸ್ಥಾನಗಳನ್ನು ಲೆಕ್ಕ ಹಾಕಿದನು. ಅದೇ ವರ್ಷ ವೇಲ್ಸ್‌ನ ವಿಲಿಯಂ ಜೋನ್ಸ್ ಇಂದಿನ ಚಿಹ್ನೆಯನ್ನು ಮೊದಲಿಗೆ ಬಳಸಿದನು. ಆಯ್ಲರ್ ಅದನ್ನು ತನ್ನ ಕೃತಿಗಳಲ್ಲಿ ಬಳಸಿದ ಮೇಲೆ ಚಿಹ್ನೆ ಎಲ್ಲೆಡೆ ಹರಡಿತು.

ಇಂಗ್ಲೆಂಡಿನ ವಿಲಿಯಂ ಶ್ಯಾಂಕ್ಸ್ ವಸತಿಶಾಲೆಯೊಂದನ್ನು ನಡೆಸುತ್ತಿದ್ದವನು. ಕೈಯಿಂದಲೇ ಲೆಕ್ಕ ಹಾಕಿ 1873ರಲ್ಲಿ 707 ಸ್ಥಾನಗಳನ್ನು ಪ್ರಕಟಿಸಿದನು. ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಪ್ಯಾರಿಸ್ಸಿನ ವಿಜ್ಞಾನ ಸಂಗ್ರಹಾಲಯದ ಗೋಡೆಯ ಮೇಲೆಯೂ ಆ ಅಂಕಿಗಳನ್ನು ಬರೆಸಲಾಯಿತು. 1940ರ ದಶಕದಲ್ಲಿ ಡಿ. ಎಫ್. ಫರ್ಗ್ಯೂಸನ್ ಮತ್ತೊಂದು ಸೂತ್ರದಿಂದ ಪರೀಕ್ಷಿಸಿದಾಗ 528ನೆಯ ಸ್ಥಾನದಿಂದ ಮುಂದಿನದೆಲ್ಲ ತಪ್ಪೆಂದು ತಿಳಿಯಿತು. ಅಷ್ಟರಲ್ಲಿ ಶ್ಯಾಂಕ್ಸ್ ತೀರಿಕೊಂಡು ಆರು ದಶಕಗಳಾಗಿದ್ದವು. ಸಂಗ್ರಹಾಲಯದ ಗೋಡೆಯನ್ನು ಬಳಿಕ ತಿದ್ದಲಾಯಿತು.

ಸ್ವರೂಪದ ನಿರ್ಣಯ

ಪೈ ಅಭಾಗಲಬ್ಧ ಸಂಖ್ಯೆ ಎಂಬುದನ್ನು 1760ರ ದಶಕದಲ್ಲಿ ಲ್ಯಾಂಬರ್ಟ್ ಸಾಧಿಸಿದನು. ಆದ್ದರಿಂದ ಅದರ ದಶಮಾಂಶ ರೂಪವು ಮುಗಿಯುವುದೂ ಇಲ್ಲ, ಆವರ್ತಗೊಳ್ಳುವುದೂ ಇಲ್ಲ. 1882ರಲ್ಲಿ ಲಿಂಡೆಮನ್ ಮತ್ತೂ ಮುಂದೆ ಹೋಗಿ, ಪೂರ್ಣಾಂಕ ಗುಣಕಗಳುಳ್ಳ ಯಾವ ಬೀಜಗಣಿತೀಯ ಸಮೀಕರಣಕ್ಕೂ ಪೈ ಮೂಲವಾಗಲಾರದು, ಅಂದರೆ ಅದು ಬೀಜಾತೀತ ಸಂಖ್ಯೆ ಎಂದು ಸಾಧಿಸಿದನು. ಇದರಿಂದ ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಗಳಿಂದ ಮಾತ್ರ ವೃತ್ತಕ್ಕೆ ಸಮ ಕ್ಷೇತ್ರಫಲದ ಚೌಕವನ್ನು ರಚಿಸುವ, ಗ್ರೀಕರ ಕಾಲದಿಂದ ಬಂದ ಸಮಸ್ಯೆಯು ಅಸಾಧ್ಯವೆಂದು ಇತ್ಯರ್ಥವಾಯಿತು. ಆದರೂ ಪ್ರಯತ್ನಗಳು ನಿಲ್ಲಲಿಲ್ಲ. 1897ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಕೆಳಮನೆಯು ಇಂಥ ಒಂದು ‘ಪರಿಹಾರ’ವನ್ನು ಒಳಗೊಂಡ ಮಸೂದೆಯನ್ನು ಅವಿರೋಧವಾಗಿ ಅಂಗೀಕರಿಸಿತು, ಅದರಂತೆ ನಡೆದರೆ ಪೈ 3.2 ಆಗಬೇಕಿತ್ತು. ಬೇರೊಂದು ಕೆಲಸಕ್ಕೆ ಬಂದಿದ್ದ ಗಣಿತ ಪ್ರಾಧ್ಯಾಪಕ ವಾಲ್ಡೊ ಎಚ್ಚರಿಸಿದ ಮೇಲೆ ಮೇಲ್ಮನೆಯು ಅದನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿತು.

ರಾಮಾನುಜನ್ ಮತ್ತು ಗಣಕಯುಗ

ಶ್ರೀನಿವಾಸ ರಾಮಾನುಜನ್ 1914ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪೈಯನ್ನು ಅತಿವೇಗವಾಗಿ ಸಮೀಪಿಸುವ ಹಲವು ಶ್ರೇಣಿಗಳಿವೆ. ಅವುಗಳಲ್ಲೊಂದರ ಪ್ರತಿಯೊಂದು ಪದವೂ ಸುಮಾರು 8 ಹೊಸ ಅಂಕಿಗಳನ್ನು ಕೊಡುತ್ತದೆ. 1985ರಲ್ಲಿ ವಿಲಿಯಂ ಗಾಸ್ಪರ್ ಇದೇ ಶ್ರೇಣಿಯಿಂದ 1.7 ಕೋಟಿಗೂ ಹೆಚ್ಚು ಅಂಕಿಗಳನ್ನು ಗಣಿಸಿದರು. ಚುಡ್ನೋವ್‌ಸ್ಕಿ ಸಹೋದರರು ಇದೇ ಜಾತಿಯ, ಪದಕ್ಕೆ ಸುಮಾರು 14 ಅಂಕಿಗಳನ್ನು ಕೊಡುವ ಶ್ರೇಣಿಯನ್ನು ರೂಪಿಸಿದರು. ಈಚಿನ ದಾಖಲೆಗಳು ಬಹುಮಟ್ಟಿಗೆ ಅದರಿಂದಲೇ ಸಾಧ್ಯವಾಗಿವೆ. 1949ರಲ್ಲಿ ಎನಿಯಾಕ್ ಗಣಕವು 2,037 ಅಂಕಿಗಳಿಗೆ ಸುಮಾರು 70 ಗಂಟೆ ತೆಗೆದುಕೊಂಡಿತ್ತು. 2022ರಲ್ಲಿ 100 ಲಕ್ಷ ಕೋಟಿ ಅಂಕಿಗಳು ಪೂರ್ಣಗೊಂಡವು. ಅಂತರಗ್ರಹ ನೌಕೆಗಳ ಪಥನಿರ್ಣಯಕ್ಕೆ 15 ದಶಮಾಂಶ ಸ್ಥಾನಗಳೇ ಸಾಕಾಗುವುದರಿಂದ ಇಂಥ ಗಣನೆಗಳ ಉಪಯೋಗವು ಮುಖ್ಯವಾಗಿ ಗಣಕಗಳನ್ನೂ ಗಣನವಿಧಾನಗಳನ್ನೂ ಪರೀಕ್ಷಿಸುವುದರಲ್ಲಿದೆ. ಪೈಯ ದಶಮಾಂಶ ರೂಪದಲ್ಲಿ 0ಯಿಂದ 9ರವರೆಗಿನ ಅಂಕಿಗಳು ಸಮಪ್ರಮಾಣದಲ್ಲಿ ಬರುತ್ತವೆಯೇ ಎಂಬ ಪ್ರಶ್ನೆಗೆ, ಈವರೆಗೆ ಗಣಿಸಿದ ಅಂಕಿಗಳು ಹೌದೆಂಬಂತೆ ತೋರಿದರೂ, ಗಣಿತೀಯ ಸಾಧನೆ ಇನ್ನೂ ದೊರೆತಿಲ್ಲ.