ಮುಳುಗಿದ ಹಡಗೂ ಬಾಯ್ಲನ ನಿಯಮವೂ

1945ನೆಯ ಇಸವಿ ಮಾರ್ಚ್ 21ರಂದು ಇಂಗ್ಲೆಂಡಿನ ನೈಋತ್ಯ ತೀರದ ಬಳಿ ‘ಜೇಮ್ಸ್ ಈಗನ್ ಲೇನ್’ ಎಂಬ ಅಮೆರಿಕದ ಸರಕುಹಡಗು ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ಏಟಿಗೆ ತುತ್ತಾಯಿತು. ಅದನ್ನು ಕಾರ್ನ್‌ವಾಲಿನ ವಿಟ್‌ಸ್ಯಾಂಡ್ ಕೊಲ್ಲಿಗೆ ಎಳೆದುತಂದರೂ ಉಳಿಸಲಾಗದೆ ಹಡಗು ಅಲ್ಲಿಯೇ ತಳ ಸೇರಿತು. ಅದರಲ್ಲಿದ್ದವರೆಲ್ಲರೂ ಬದುಕಿಕೊಂಡರು. ಇಂದು ಅದರ ಉಕ್ಕಿನ ತಗಡುಗಳು ತುಕ್ಕು ಹಿಡಿದು ಕುಸಿದಿವೆ. ಚೌಕಟ್ಟಿನ ಸಂದುಗಳಲ್ಲಿ ಮೀನುಗಳು ಸುಳಿದಾಡುತ್ತವೆ. ಇದನ್ನು ನೋಡಲು ಪ್ರತಿ ವರ್ಷವೂ ಅನೇಕ ಮುಳುಗುಗಾರರು ಅಲ್ಲಿಗೆ ಇಳಿಯುತ್ತಾರೆ.

ಹಡಗು ಬಿದ್ದಿರುವುದು ಸುಮಾರು 20ರಿಂದ 25 ಮೀಟರು ಆಳದಲ್ಲಿ. ಆಳ ಕಡಮೆಯಾದುದರಿಂದ ಅಪಾಯವೂ ಕಡಮೆಯೆಂದು ನಮಗೆ ತೋರುವುದು ಸಹಜ. ಆದರೆ ಭೌತವಿಜ್ಞಾನ ಹೇಳುವುದು ಬೇರೆ.

ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವನ್ನು ಒಂದು ವಾಯುಭಾರವೆಂದು ಕರೆಯೋಣ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಸುಮಾರು ಇನ್ನೊಂದು ವಾಯುಭಾರ ಸೇರುತ್ತದೆ. ಹೀಗಾಗಿ 10 ಮೀಟರಿನಲ್ಲಿ ಒತ್ತಡ ಎರಡು ವಾಯುಭಾರ, 20 ಮೀಟರಿನಲ್ಲಿ ಮೂರು. ಇಷ್ಟು ಒತ್ತಡದ ಕೆಳಗೆ ಎದೆಯ ಸ್ನಾಯುಗಳು ಮೇಲಿನ ಗಾಳಿಯನ್ನು ಕೊಳವೆಯ ಮೂಲಕ ಎಳೆದುಕೊಳ್ಳಲಾರವು. 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ರೂಪಿಸಿದ ಕವಾಟ ಈ ತೊಡಕನ್ನು ನಿವಾರಿಸಿತು. ಬೆನ್ನಿನ ಸಿಲಿಂಡರಿನಲ್ಲಿರುವ ಗಾಳಿಯನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಒದಗಿಸುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಹಡಗಿನ ಬಳಿ, 20 ಮೀಟರು ಆಳದಲ್ಲಿ, ಮುಳುಗುಗಾರನೊಬ್ಬನು ಶ್ವಾಸಕೋಶದ ತುಂಬ 6 ಲೀಟರು ಗಾಳಿಯನ್ನೆಳೆದು, ಉಸಿರು ಬಿಗಿಹಿಡಿದು ಮೇಲೇರಿದನೆನ್ನಿ. ಬಾಯ್ಲನ ನಿಯಮದಂತೆ ಉಷ್ಣತೆ ಬದಲಾಗದಿರುವಾಗ ಅನಿಲದ ಗಾತ್ರ ಒತ್ತಡಕ್ಕೆ ವಿಲೋಮವಾಗಿರುತ್ತದೆ. 10 ಮೀಟರಿಗೆ ಬರುವ ವೇಳೆಗೆ ಆ ಗಾಳಿಗೆ 9 ಲೀಟರು ಸ್ಥಳ ಬೇಕು. ನೀರಿನ ಮೇಲ್ಮೈಯಲ್ಲಿ 18 ಲೀಟರು! ಮೊದಲ 10 ಮೀಟರಿನಲ್ಲಿ ಹೆಚ್ಚಿದ್ದು 3 ಲೀಟರಾದರೆ, ಕೊನೆಯ 10 ಮೀಟರಿನಲ್ಲಿ 9 ಲೀಟರು. ಮೇಲ್ಮೈ ಸಮೀಪಿಸಿದಷ್ಟೂ ಹಿಗ್ಗುವಿಕೆ ತೀವ್ರವಾಗುತ್ತದೆ.

ಶ್ವಾಸಕೋಶ ಇದನ್ನು ತಾಳಲಾರದೆ ಹರಿಯುತ್ತದೆ. ಗಾಳಿಯ ಗುಳ್ಳೆಗಳು ರಕ್ತದೊಳಕ್ಕೆ ನುಗ್ಗಿ ಮಿದುಳನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಮೀಟರೊಂದೆರಡು ಆಳದ ಈಜುಕೊಳದಲ್ಲಿಯೂ ಇಂಥ ಅಪಘಾತಗಳು ಸಂಭವಿಸಿರುವುದುಂಟು. ಹಾಗಾದರೆ ಮುತ್ತು ತೆಗೆಯುವವರು ಉಸಿರು ಹಿಡಿದು ಮುಳುಗಿ ಮೇಲೆ ಬರುತ್ತಾರಲ್ಲ, ಅವರಿಗೇನೂ ಆಗದೆ? ಅವರು ಗಾಳಿಯನ್ನೆಳೆದುಕೊಳ್ಳುವುದು ಮೇಲ್ಮೈಯಲ್ಲಿ. ಆ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ತನ್ನ ಮೊದಲಿನ ಗಾತ್ರಕ್ಕೆ ಮರಳುತ್ತದೆ; ಅದಕ್ಕೆ ಮೀರುವುದಿಲ್ಲ.

ಸಮಶೀತೋಷ್ಣ ಸಮುದ್ರಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಕೂಡುತ್ತದೆ. ಕಾರ್ನ್‌ವಾಲಿನ ನೀರು ಚಳಿಗಾಲದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್; ಬೇಸಗೆಯಲ್ಲಿಯೂ 17ರ ಆಸುಪಾಸು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಆದುದರಿಂದ ಅಲ್ಲಿ ಹಲವರು ಅನಿಲದ ಸಣ್ಣ ಗುಳ್ಳೆಗಳಿಂದ ತುಂಬಿದ ದಪ್ಪ ಕೃತಕ ರಬ್ಬರಿನ ಉಡುಪನ್ನು ತೊಡುತ್ತಾರೆ. ಈ ಗುಳ್ಳೆಗಳೂ ಬಾಯ್ಲನ ನಿಯಮಕ್ಕೆ ಅಧೀನ. ಕೆಳಗೆ ಉಡುಪು ಕುಗ್ಗಿ ತೇಲಿಸುವ ಶಕ್ತಿ ತಗ್ಗುತ್ತದೆ. ಅದನ್ನು ಸರಿದೂಗಿಸಲು ಮುಳುಗುಗಾರನು ತನ್ನ ಮೇಲಂಗಿಯೊಳಕ್ಕೆ ಗಾಳಿ ತುಂಬಿಕೊಳ್ಳುತ್ತಾನೆ. ಮೇಲೇರುವಾಗ ಇವೆರಡೂ ಹಿಗ್ಗಿ ಅವನನ್ನು ಮೇಲಕ್ಕೆ ನೂಕುತ್ತವೆ. ಗಾಳಿಯನ್ನು ಹೊರಬಿಡದಿದ್ದರೆ, ನಿಧಾನ ಅತ್ಯಗತ್ಯವಾದ ಕೊನೆಯ ಮೀಟರುಗಳಲ್ಲಿಯೇ ವೇಗ ಏರುತ್ತದೆ.

ಆದ್ದರಿಂದಲೇ ಮುಳುಗುವಿಕೆಯ ಶಿಕ್ಷಣದಲ್ಲಿ ಮೊದಲು ಕಲಿಸುವ ನಿಯಮ: ಉಸಿರನ್ನು ಎಂದಿಗೂ ಬಿಗಿಹಿಡಿಯಬೇಡ. ಎರಡನೆಯದು: ನಿಮಿಷಕ್ಕೆ 10 ಮೀಟರು ಮೀರದಂತೆ ಮೇಲೇರು. 5 ಮೀಟರಿನಲ್ಲಿ ಸುಮಾರು ಮೂರು ನಿಮಿಷ ತಂಗಿದರೆ, ರಕ್ತದಲ್ಲಿ ಕರಗಿದ ಸಾರಜನಕವೂ ಗುಳ್ಳೆಯಾಗದೆ ಹೊರಹೋಗಲು ಅವಕಾಶ ದೊರೆಯುತ್ತದೆ. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಬಾಯ್ಲನ ನಿಯಮವನ್ನು ಮುಳುಗುಗಾರನು ಪ್ರತಿ ಉಸಿರಿನಲ್ಲಿಯೂ ನೆನೆಯಬೇಕಾಗುತ್ತದೆ.