ಗೆದ್ದ ಅಪ್ಪ, ಸೋತ ಅಪ್ಪ: ಸಿನಿಮಾ ನಮಗೆ ಯಾರನ್ನ ತೋರಿಸುತ್ತೆ?

ಇವತ್ತಿನ ಮಾತು ಸಂಸಾರದ ಭಾರ ಹೊತ್ತು ಒದ್ದಾಡೋ ಗಂಡಸರ ಸಿನಿಮಾಗಳ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ಮಾತಿನ ಮಧ್ಯೆ ಕ್ಲೈಮ್ಯಾಕ್ಸ್‌ಗಳೂ ಬರುತ್ತವೆ. ಇನ್ನೂ ನೋಡಿಲ್ಲದವರು ಆಮೇಲೆ ನನ್ನನ್ನ ಬೈಕೋಬೇಡಿ.

ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋ ಸಿನಿಮಾದಿಂದಲೇ ಶುರು ಮಾಡೋಣ. 'ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್', 2006ರದ್ದು. ಕ್ರಿಸ್ ಗಾರ್ಡ್‌ನರ್ ಅನ್ನೋ ನಿಜವಾದ ವ್ಯಕ್ತಿಯ ಜೀವನ ಆಧರಿಸಿದ ಕಥೆ. ವಿಲ್ ಸ್ಮಿತ್ ಅಪ್ಪನ ಪಾತ್ರದಲ್ಲಿ, ಅವರ ಸ್ವಂತ ಮಗ ಜೇಡನ್ ಮಗನ ಪಾತ್ರದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂಳೆಯ ಸಾಂದ್ರತೆ ನೋಡೋ ಯಂತ್ರ ಮಾರ್ತಾನೆ, ಹೆಚ್ಚಿನವರು ಕೊಳ್ಳಲ್ಲ. ಹೆಂಡತಿ ಬಿಟ್ಟು ಹೋಗ್ತಾಳೆ, ಬಾಡಿಗೆ ಮನೆ ಹೋಗುತ್ತೆ. ಒಂದು ರಾತ್ರಿ ಮಗನನ್ನ ಮಡಿಲಲ್ಲಿ ಮಲಗಿಸ್ಕೊಂಡು ರೈಲು ನಿಲ್ದಾಣದ ಟಾಯ್ಲೆಟ್‌ನಲ್ಲಿ ಕಳೀತಾನೆ. ಹೊರಗಡೆಯಿಂದ ಯಾರೋ ಬಾಗಿಲು ಬಡೀತಾರೆ. ಇವನು ಕಾಲಿನಿಂದ ಬಾಗಿಲು ಒತ್ತಿ ಹಿಡ್ಕೊಂಡು, ಕೈಯಿಂದ ಮಗನ ಕಿವಿ ಮುಚ್ಚಿ, ಸದ್ದಿಲ್ಲದೆ ಅಳ್ತಾನೆ.

ಈ ದೃಶ್ಯಕ್ಕೆ ನಾನೂ ಅತ್ತಿದ್ದೀನಿ. ಆದ್ರೆ ಕೊನೆಯ ಭಾಗ ನನಗೆ ಕಿರಿಕಿರಿ ಮಾಡುತ್ತೆ. ಷೇರು ಕಂಪನಿಯೊಂದರಲ್ಲಿ 20 ಜನ ಟ್ರೈನಿಗಳು. ಆರು ತಿಂಗಳು ಸಂಬಳ ಇಲ್ಲದೆ ದುಡೀಬೇಕು, ಕೊನೆಗೆ ಒಬ್ಬರಿಗೆ ಮಾತ್ರ ಕೆಲಸ. ಆ ಕೆಲಸ ನಮ್ಮ ಹೀರೋಗೆ ಸಿಗುತ್ತೆ, ನಾವು ಖುಷಿಯಾಗಿ ಎದ್ದು ಬರ್ತೀವಿ. ಉಳಿದ 19 ಜನ ಎಲ್ಲಿ ಹೋದ್ರು? ಅವರಿಗೂ ಮನೆ, ಮಕ್ಕಳು, ಬಾಡಿಗೆ ಇರಲಿಲ್ವಾ? ಕಷ್ಟಪಟ್ಟರೆ ಗೆದ್ದೇ ಗೆಲ್ತೀಯ ಅನ್ನೋ ಮಾತಿನ ಹಿಂದೆ ಇನ್ನೊಂದು ಮಾತೂ ಇರುತ್ತೆ: ಗೆಲ್ಲದವನು ಸಾಕಷ್ಟು ಕಷ್ಟಪಟ್ಟಿಲ್ಲ ಅಂತ. ಅದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ.

ಸೈಕಲ್ ಕಳ್ಕೊಂಡ ಅಪ್ಪ

ಈ ಸಿನಿಮಾದ ನಿರ್ದೇಶಕ ಗೇಬ್ರಿಯೆಲೆ ಮುಚ್ಚಿನೋ ಇಟಲಿಯವರು. ಅದೇ ಇಟಲಿಯಲ್ಲಿ 1948ರಲ್ಲಿ ವಿಟ್ಟೋರಿಯೋ ಡಿ ಸಿಕಾ 'ಬೈಸಿಕಲ್ ಥೀವ್ಸ್' ಮಾಡಿದ್ದರು. ಎರಡನೇ ಮಹಾಯುದ್ಧ ಮುಗಿದಿದೆ, ರೋಮ್ ತುಂಬಾ ನಿರುದ್ಯೋಗ. ಆಂಟೋನಿಯೋಗೆ ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸ ಸಿಗುತ್ತೆ, ಆದ್ರೆ ಸೈಕಲ್ ಇದ್ದರೆ ಮಾತ್ರ. ಸೈಕಲ್ ಅಡವಿನಲ್ಲಿದೆ. ಹೆಂಡತಿ ಮರಿಯಾ ಮನೆಯ ಬೆಡ್‌ಶೀಟ್‌ಗಳನ್ನೆಲ್ಲ ತೆಗೆದು ಅಡವಿಟ್ಟು ಸೈಕಲ್ ಬಿಡಿಸ್ತಾಳೆ. ಕೆಲಸದ ಮೊದಲ ದಿನವೇ ಅದು ಕಳ್ಳತನ ಆಗುತ್ತೆ.

ಮುಂದೆ ಅಪ್ಪ, ಮಗ ಬ್ರೂನೋ ಇಬ್ಬರೂ ಊರೆಲ್ಲ ಹುಡುಕ್ತಾರೆ. ನಡುವೆ ಒಂದು ಹೋಟೆಲ್ ದೃಶ್ಯ ಇದೆ. ಬೇಜಾರು ಮರೆಸೋಕೆ ಅಪ್ಪ ಮಗನಿಗೆ ಊಟ ಕೊಡಿಸ್ತಾನೆ. ಅಲ್ಲೇ, ಆ ಕೆಲಸ ಉಳಿದಿದ್ದರೆ ತಿಂಗಳಿಗೆ ಎಷ್ಟು ಬರ್ತಿತ್ತು ಅಂತ ಮಗನ ಕೈಲಿ ಲೆಕ್ಕ ಬರೆಸ್ತಾನೆ. ಬಡತನ ಅಂದ್ರೆ ಹೊಟ್ಟೆಯ ಹಸಿವು ಮಾತ್ರ ಅಲ್ಲ, ತಲೆಯೊಳಗೆ ನಿಲ್ಲದೇ ಓಡೋ ಲೆಕ್ಕ ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ನಾನು ಬೇರೆ ನೋಡಿಲ್ಲ.

ಕೊನೆಗೆ ದಿಕ್ಕು ತೋಚದೆ ಆಂಟೋನಿಯೋ ತಾನೇ ಒಂದು ಸೈಕಲ್ ಕದಿಯೋಕೆ ಹೋಗ್ತಾನೆ. ಜನ ಹಿಡಿದು ಹೊಡೀತಾರೆ. ಟ್ರಾಂ ಹತ್ತಿಸಿ ಕಳಿಸಿದ್ದೀನಿ ಅಂದ್ಕೊಂಡಿದ್ದ ಮಗ ಅಲ್ಲೇ ನಿಂತು ಎಲ್ಲ ನೋಡ್ತಿರ್ತಾನೆ. ಅಳ್ತಿರೋ ಹುಡುಗನ ಮುಖ ನೋಡಿ ಸೈಕಲ್ ಮಾಲೀಕ ಬಿಟ್ಟು ಕಳಿಸ್ತಾನೆ. ಅಪ್ಪನೂ ಅಳ್ತಾ ನಡೀತಾನೆ. ಬ್ರೂನೋ ಬಂದು ಅಪ್ಪನ ಕೈ ಹಿಡ್ಕೋತಾನೆ. ಸೈಕಲ್ ಸಿಗಲ್ಲ, ಕೆಲಸ ಸಿಗಲ್ಲ, ಸಿನಿಮಾ ಮುಗಿಯುತ್ತೆ.

ಇನ್ನೊಂದು ವಿಷಯ. ಆಂಟೋನಿಯೋ ಪಾತ್ರ ಮಾಡಿದ ಲಂಬೆರ್ತೋ ಮಜ್ಜೊರಾನಿ ನಟ ಅಲ್ಲ, ಕಾರ್ಖಾನೆ ಕೆಲಸಗಾರ. ಸಿನಿಮಾ ಮುಗಿಸಿ ಮರಳಿದ ಮೇಲೆ ಆ ಕಾರ್ಖಾನೆಯ ಕೆಲಸವನ್ನೂ ಅವರು ಕಳ್ಕೊಂಡರು.

ಎರಡೂ ಸಿನಿಮಾದಲ್ಲಿ ನೋಡೋ ಕಣ್ಣು ಮಗುವಿನದು. ಗಾರ್ಡ್‌ನರ್ ಅವರ ನಿಜ ಜೀವನದಲ್ಲಿ ಆ ದಿನಗಳಲ್ಲಿ ಮಗ ಇನ್ನೂ ಪುಟ್ಟ ಕೂಸು. ಸಿನಿಮಾ ಅವನನ್ನ ಮಾತಾಡೋ, ಪ್ರಶ್ನೆ ಕೇಳೋ ಹುಡುಗನಾಗಿ ಬೆಳೆಸಿದೆ. ಯಾಕೆ ಅಂತ ನನಗನಿಸೋದು ಇಷ್ಟು: ಗಂಡಸಿಗೆ ದುಡ್ಡಿಲ್ಲ ಅನ್ನೋದಕ್ಕಿಂತ, ದುಡ್ಡಿಲ್ಲ ಅಂತ ಮಗುವಿಗೆ ಗೊತ್ತಾಗೋದು ದೊಡ್ಡ ನೋವು.

ಹಾಗಂತ ಈ ಸಿನಿಮಾಗಳಲ್ಲಿ ತಪ್ಪಿಲ್ಲ ಅಂತಲ್ಲ. ಬೆಡ್‌ಶೀಟ್ ಅಡವಿಟ್ಟ ಮರಿಯಾ ಆಮೇಲೆ ಕಥೆಯಿಂದ ಹೆಚ್ಚುಕಮ್ಮಿ ಮಾಯ. ವಿಲ್ ಸ್ಮಿತ್ ಸಿನಿಮಾದ ಹೆಂಡತಿ ಎರಡೆರಡು ಪಾಳಿ ದುಡೀತಾಳೆ, ಆದ್ರೆ ನಮಗೆ ನೆನಪಲ್ಲಿ ಉಳಿಯೋದು ಅವಳ ಜಗಳ ಮಾತ್ರ. ಅಪ್ಪನ ಕಷ್ಟ ಹೇಳೋ ಭರದಲ್ಲಿ ಅಮ್ಮನ ಕಷ್ಟ ಕೈಬಿಟ್ಟು ಹೋಗುತ್ತೆ.

ನಮ್ಮ ತಬರ

ಕನ್ನಡದಲ್ಲಿ ಇಂಥ ಸಿನಿಮಾ ಯಾವುದು ಅಂದ್ರೆ ನನ್ನ ಉತ್ತರ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. 1980ರ ದಶಕದ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ತಬರನಾದ ಚಾರುಹಾಸನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ. ನಿವೃತ್ತ ಸರ್ಕಾರಿ ನೌಕರ ತಬರ ಪಿಂಚಣಿಗಾಗಿ ಕಚೇರಿಗಳಿಗೆ ಅಲೀತಾನೆ. ಅತ್ತ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೀತಾ ಹೋಗುತ್ತೆ. ಚಿಕಿತ್ಸೆಗೆ ದುಡ್ಡಿಲ್ಲ. ಅವನ ದುಡ್ಡು ಫೈಲಿನಲ್ಲಿದೆ, ಫೈಲು ಮೇಜಿನ ಮೇಲಿದೆ.

ಇಲ್ಲಿ ಹೊಡೆದಾಡೋಕೆ ವಿಲನ್ ಇಲ್ಲ. ತಬರ ಸೋಮಾರಿಯಲ್ಲ, ಕುಡುಕನಲ್ಲ, ಆಯುಷ್ಯವೆಲ್ಲ ನಿಯತ್ತಾಗಿ ದುಡಿದವನು. ಆದ್ರೂ ಹೆಂಡತಿಯನ್ನ ಉಳಿಸ್ಕೊಳ್ಳೋಕೆ ಆಗಲ್ಲ. ಅವನು ಯಾಕೆ ಸೋತ ಅನ್ನೋದನ್ನ ಸಿನಿಮಾ ಒಂದೊಂದೇ ಮೆಟ್ಟಿಲಾಗಿ ತೋರಿಸುತ್ತೆ. ಅದಕ್ಕೇ ನೋಡಿದವರಿಗೆ ಬರೀ ಅಯ್ಯೋ ಪಾಪ ಅನಿಸಲ್ಲ, ಸಿಟ್ಟೂ ಬರುತ್ತೆ.

ನನಗ್ಯಾಕೆ ಇದು ಮುಖ್ಯ

ನನಗೆ ಹತ್ತು ವರ್ಷ ಇದ್ದಾಗ ಅಪ್ಪನ ಅಂಗಡಿ ಮುಚ್ಚಿತು. ಒಂದಿನ ಸಾಲ ಕೇಳೋಕೆ ನನ್ನನ್ನೂ ಕರ್ಕೊಂಡು ಒಬ್ಬರ ಮನೆಗೆ ಹೋದ್ರು. ನಮ್ಮನ್ನ ಜಗಲಿ ಮೇಲೆ ಬಹಳ ಹೊತ್ತು ಕಾಯಿಸಿ, ಆಮೇಲೆ ಇಲ್ಲ ಅಂದ್ರು. ವಾಪಸ್ ಬರ್ತಾ ಅಪ್ಪ ನನಗೆ ಬಸ್ ಸ್ಟ್ಯಾಂಡ್‌ನಲ್ಲಿ ಇಡ್ಲಿ ಕೊಡಿಸಿದ್ರು. "ನಿಮಗೆ?" ಅಂದೆ. "ನಂಗೆ ಹಸಿವಿಲ್ಲ, ನೀ ತಿನ್ನು" ಅಂದ್ರು. ನಂಗೆ ಆಗ ಬಂದಿದ್ದು ಕರುಣೆ ಅಲ್ಲ, ಸಿಟ್ಟು. ಬೇರೆಯವರ ಅಪ್ಪಂದಿರ ಥರ ಇವರ್ಯಾಕಿಲ್ಲ ಅನ್ನೋ ಸಿಟ್ಟು. ಅದು ತುಂಬಾ ವರ್ಷ ಹಾಗೇ ಇತ್ತು.

ಬ್ರೂನೋ ಅಪ್ಪನ ಕೈ ಹಿಡಿದಿದ್ದನ್ನ ನೋಡಿದಾಗ ನನಗೆ ನೆನಪಾಗಿದ್ದು ಆ ಇಡ್ಲಿ ತಟ್ಟೆ. ಅವತ್ತು ನಾನು ಕೈ ಹಿಡಿದಿರಲಿಲ್ಲ.

ಹಾಗಾಗಿ ಇಂಥ ಸಿನಿಮಾ ನೋಡುವಾಗ ಈಗ ನಾನು ಅಪ್ಪ ಗೆದ್ದನಾ ಅಂತ ಕೇಳಲ್ಲ. ಸೋತರೆ ಯಾಕೆ ಸೋತ ಅಂತ ಸಿನಿಮಾ ಪ್ರಾಮಾಣಿಕವಾಗಿ ಹೇಳ್ತಾ? ಸೋತವನನ್ನೂ ಗೌರವದಿಂದ ನೋಡೋಕೆ ನನಗೆ ಕಲಿಸ್ತಾ? ಇವೆರಡೇ ನನ್ನ ಪ್ರಶ್ನೆ.

ಈ ವಾರ ಮೂರರಲ್ಲಿ ಒಂದನ್ನಾದ್ರೂ ನೋಡಿ. ಆದ್ರೆ ಅಪ್ಪನ ಜೊತೆ ಕೂತು ನೋಡಿ. ಮುಗಿದ ಮೇಲೆ ಅವರ ಕಷ್ಟದ ದಿನಗಳ ಬಗ್ಗೆ ಒಂದು ಪ್ರಶ್ನೆ ಕೇಳಿ. ಉತ್ತರ ಬರೋದು ತಡವಾಗಬಹುದು, ಕಾಯಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.